ನೋಡ್ಕೋತೀನಿ

ಹೆದರುವುದರಲ್ಲಿ ಸಲೂನಕ್ಕನನ್ನು ಮೀರಿಸುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹೌದು, ಅದೇ ಸಲೂನಕ್ಕ. ಎಂಥ ಒರಟು ಗಂಡಸಿನ ಗದ್ದವನ್ನೂ ಎರಡು ಬೆರಳಲ್ಲಿ ಹಿಡಿದೆತ್ತಿ ಕುತ್ತಿಗೆಯ ಮೇಲೆ ಕತ್ತಿ ಆಡಿಸುವ ಹೆಂಗಸು. ಗಂಡ ತೀರಿಕೊಂಡಾಗ, ಇನ್ನು ಈ ಅಂಗಡಿಯ ಕಥೆ ಮುಗಿಯಿತು ಎಂದು ಮಾತಾಡಿಕೊಂಡವರ ಕಣ್ಣೆದುರಿಗೇ ಷಟರನ್ನು ಧಡಾರನೆ ಮೇಲೆತ್ತಿದವಳು. “ಹೆಂಗಸಿನ ಕೈಲಿ ಗಡ್ಡ ತೆಗೆಸ್ಕೊಳ್ಳೋದಾ?” ಎಂದು ಕಿಸಿಕಿಸಿ ನಕ್ಕವರೇ ಈಗ ಬೆಂಚಿನ ಮೇಲೆ ಒತ್ತಿಕೊಂಡು ಕೂತು, ತಮ್ಮ ಸರದಿಗೆ ಮುಂಚೆ ಯಾರಾದರೂ ನುಗ್ಗಿದರೆ ಜಗಳಕ್ಕೆ ಬೀಳುತ್ತಿದ್ದರು.

ಕೆಲಸ ಕಲಿಸಿದವನು ಗಂಡನೇ. ಮನೆಯ ಜಗಲಿಯಲ್ಲಿ ಕೂರಿಸಿ, ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದಂತೆ ನೊರೆ ತೆಗಿ ಎಂದು ಕತ್ತಿ ಕೈಗೆ ಕೊಟ್ಟಿದ್ದ. ಒಂದೊಂದು ಬಲೂನು ಢಂ ಎಂದಾಗಲೂ ಒಳಗಿನಿಂದ ಅತ್ತೆ, “ಅಯ್ಯೋ, ಯಾರು ಸತ್ರೋ!” ಎಂದು ಕೂಗುತ್ತಿದ್ದರು. ಬಲೂನು ಒಡೆಯುವುದು ನಿಂತ ದಿನ ಗಂಡ ಕುರ್ಚಿಗೆ ಒರಗಿ ತನ್ನ ಕುತ್ತಿಗೆಯನ್ನೇ ಮುಂದೆ ಮಾಡಿದ. “ನಂಗೆ ಹೆದರಿಕೆ ಕಣ್ರೀ” ಎಂದರೆ, “ನೀನು ನೋಡ್ಕೋತೀಯ ಬಿಡು” ಎಂದು ಕಣ್ಣು ಮುಚ್ಚಿದ. ಅಷ್ಟೇ ಅವನ ಪಾಠ.

ಕತ್ತಿಯ ಭಯ ಅಂದೇ ಹೋಯಿತು. ಮಿಕ್ಕ ಭಯಗಳು ಎಲ್ಲಿಗೂ ಹೋಗಲಿಲ್ಲ. ಮನೆಯಿಂದ ಹೊರಟವಳು ಬೀದಿಯ ತಿರುವಿನವರೆಗೆ ಬಂದು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಓಡುತ್ತಿದ್ದಳು. ಗ್ಯಾಸ್ ನೋಡಿ ಬಂದವಳಿಗೆ ನಲ್ಲಿಯ ಚಿಂತೆ. ನಲ್ಲಿ ತಿರುಗಿಸಿ ಬಂದರೆ, ಅತ್ತೆ ಆಗ ಕೆಮ್ಮಿದರಲ್ಲ, ಅದು ಯಾವ ಥರದ ಕೆಮ್ಮು ಎಂಬ ಚಿಂತೆ. ಅತ್ತೆ ಬಾಗಿಲಲ್ಲೇ ನಿಂತು ಗದರುತ್ತಿದ್ದರು: “ಹೋಗೇ ತಾಯಿ! ನೀನು ಹೆದರೋದು ನೋಡಿ ನೋಡಿ ನಂಗೆ ಹೆದರೋದೇ ಮರೆತು ಹೋಗಿದೆ.”

ಎಲ್ಲಕ್ಕಿಂತ ದೊಡ್ಡ ಶತ್ರು ಎಂದರೆ ಫೋನು. ನಗುನಗುತ್ತಾ ಬ್ಲೇಡು ತರಲು ಹೋದ ಗಂಡ ರಸ್ತೆಯಲ್ಲೇ ಎದೆ ಹಿಡಿದುಕೊಂಡು ಕುಸಿದ ಸುದ್ದಿ ಫೋನಿನಲ್ಲೇ ಬಂದದ್ದು. ಅಂದಿನಿಂದ ಅದು ರಿಂಗಾದರೆ ಸಾಕು, ಅವಳ ಎದೆ ಝಲ್ಲೆನ್ನುತ್ತಿತ್ತು. ಗಿರಾಕಿಯನ್ನು ಅರ್ಧ ಮುಖದ ನೊರೆಯಲ್ಲೇ ಬಿಟ್ಟು ಓಡುತ್ತಿದ್ದಳು. ಫೋನು ಎತ್ತುವಷ್ಟರಲ್ಲಿ ಮನಸ್ಸಿನಲ್ಲಿ ಯಾರನ್ನೋ ಮಣ್ಣು ಮಾಡಿ ಮುಗಿಸಿರುತ್ತಿದ್ದಳು. ಆ ಕಡೆಯಿಂದ ಯಾವುದೋ ಹುಡುಗಿ, ಹೊಸ ಸಿಮ್ ಬೇಕೇ ಮೇಡಂ ಎಂದು ಕೇಳುತ್ತಿದ್ದಳು.

ದೇವರ ಮೇಲೆ ನಂಬಿಕೆ ಇರಲಿಲ್ಲವೇ? ಇತ್ತು ಸ್ವಾಮಿ, ಬೇಕಾದಷ್ಟಿತ್ತು. ಭಾನುವಾರ ಚರ್ಚಿನಲ್ಲಿ ಅವಳು ಹಾಡಿದರೆ ದನಿ ಕಿಟಕಿ ದಾಟಿ ರಸ್ತೆಗೆ ಕೇಳುತ್ತಿತ್ತು. ಎಲ್ಲ ಯೇಸುವಿನ ಕೈಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವಾಗ ಹಣೆಯಲ್ಲಿ ಒಂದು ಗೆರೆಯೂ ಇರುತ್ತಿರಲಿಲ್ಲ. ಆದರೆ ಒಳಗೆ ಬರುವ ಮುಂಚೆ ಬಾಗಿಲ ಬಳಿ ಕೊಡೆಯ ಜತೆ ಭಯವನ್ನೂ ಒರಗಿಸಿ ಬಂದಿರುತ್ತಿದ್ದಳು. ಹೊರಡುವಾಗ ಎರಡನ್ನೂ ಮರೆಯದೆ ಎತ್ತಿಕೊಳ್ಳುತ್ತಿದ್ದಳು.

ಅಂಗಡಿಯಲ್ಲಿ ಅವಳು ದಿನವಿಡೀ ಕೇಳುವ ಮಾತು ಒಂದೇ. ತಲೆ ಹಿಂದಕ್ಕೆ ಹಾಕಿ ಒರಗಿದ ಗಂಡಸು, ಕತ್ತಿ ಕಂಡ ಕೂಡಲೇ ಗಂಟಲು ಸರಿಮಾಡಿಕೊಂಡು, “ಸ್ವಲ್ಪ ನೋಡ್ಕೊಂಡು...” ಅನ್ನುತ್ತಾನೆ. ಅವಳ ಉತ್ತರವೂ ಒಂದೇ. “ನೋಡ್ಕೋತೀನಿ ಬಿಡಿ. ನೀವು ಅಲುಗಾಡ್ಬೇಡಿ, ಅಷ್ಟೇ. ಹೆದರಿ ಅಲುಗಾಡಿದ್ರೇನೇ ಗಾಯ ಆಗೋದು.” ‘ನೋಡ್ಕೋತೀನಿ’ ಎಂಬ ಇದೇ ಮಾತನ್ನು ಜಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ಹೇಳಿದರೆ ಎದುರಿನವರು ನಡುಗಬೇಕು, ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ಹೇಳಿದರೆ ಅದರ ತಾಯಿ ನಿಶ್ಚಿಂತೆಯಿಂದ ಪೇಟೆಗೆ ಹೋಗಬಹುದು. ಸಲೂನಕ್ಕನಿಗೆ ಎರಡು ಥರವೂ ಚೆನ್ನಾಗಿ ಬರುತ್ತಿತ್ತು.

ಅವಳ ಕುತ್ತಿಗೆಯ ಗಂಟನ್ನು ಮೊದಲು ಕಂಡವನು ಲಾರಿ ಡ್ರೈವರ್. ಗಡ್ಡ ತೆಗೆಯುವವರ ಕುತ್ತಿಗೆಯನ್ನು ಕೆಳಗಿನಿಂದ ನೋಡುವವರು ಕುರ್ಚಿಗೆ ಒರಗಿದವರು ಮಾತ್ರ ತಾನೇ? ಬಾಗಿಲು ತುಂಬುವಷ್ಟು ಆಳು, ಹಾರನ್ನಿನಂಥ ದನಿ. “ಅಕ್ಕ, ಕತ್ತಲ್ಲಿ ಏನದು? ನೀವು ಎಂಜಲು ನುಂಗಿದ್ರೆ ಮೇಲೆ ಕೆಳಗೆ ಹೋಗತ್ತೆ.”

“ಏನೂ ಇಲ್ಲ. ಬಾಯ್ಮುಚ್ಕೊಂಡು ಬಿದ್ಕೋ.”

ಅವನು ಹೋದ ಮೇಲೆ ಕನ್ನಡಿಯ ಮುಂದೆ ಗದ್ದ ಎತ್ತಿ ನಿಂತಳು. ಇತ್ತು. ಬೀದಿಯವರ ಚಿಂತೆಯನ್ನೆಲ್ಲ ಗುತ್ತಿಗೆ ಹಿಡಿದವಳು ತನ್ನ ಕುತ್ತಿಗೆಯನ್ನೇ ನೋಡಿಕೊಂಡಿರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಮೆತ್ತಗೆ ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು: “ಗಂಟು ದೊಡ್ಡದಿದೆ. ಆಪರೇಷನ್ ಮಾಡಿ ತೆಗೀಬೇಕು. ತೆಗೆದು ಟೆಸ್ಟಿಗೆ ಕಳಿಸಿದ ಮೇಲೇ ಕೆಟ್ಟದ್ದೋ ಅಲ್ವೋ ಅಂತ ಖಚಿತ ಆಗೋದು. ದನಿಯ ನರ ಪಕ್ಕದಲ್ಲೇ ಇದೆ, ದನಿ ಒಡೀಬಹುದು. ಆದ್ರೆ ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ.”

ಕುತ್ತಿಗೆಯ ಮೇಲೆ ಕತ್ತಿ! ಅಲ್ಲಿಯ ಚರ್ಮ ಎಷ್ಟು ತೆಳು, ಅದರಡಿಯಲ್ಲಿ ರಕ್ತ ಹೇಗೆ ಮಿಡಿಯುತ್ತದೆ ಎಂದು ಅವಳ ಬೆರಳುಗಳಿಗೆ ಗೊತ್ತಿತ್ತು, ಗೊತ್ತಿದ್ದದ್ದೇ ಮುಳುವಾಯಿತು. ಮೊದಲ ಸಲ ದಿನ ಕೊಟ್ಟಾಗ ಅತ್ತೆಗೆ ಜ್ವರ ಎಂದು ಸುಳ್ಳು ಹೇಳಿದಳು. ಅತ್ತೆ ಗುಂಡುಕಲ್ಲಿನಂತೆ ಇದ್ದರು. ಎರಡನೆಯ ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಕಾಲಿಗೆ ಬುದ್ಧಿ ಹೇಳಿದಳು. “ಮುಂದಿನ ವಾರ ಇನ್ನೊಂದು ದಿನ ಕೊಡ್ತೀನಿ,” ಎಂದರು ಡಾಕ್ಟರಮ್ಮ. “ಅದನ್ನೂ ತಪ್ಪಿಸಿದ್ರೆ, ಆಮೇಲೆ ತೆಗೆಯೋಕಾಗತ್ತೋ ಇಲ್ವೋ ನಾನು ಹೇಳಲಾರೆ.”

ಈ ಮಧ್ಯೆ ನಾದಿನಿ ಬಂದಳು. ಸಮಾಧಾನ ಹೇಳಲು ಬಂದವಳು, ಆಪರೇಷನ್ ಟೇಬಲ್ಲಿನ ಮೇಲೇ ಕಣ್ಣು ಮುಚ್ಚಿದವರ ಕಥೆಯನ್ನೆಲ್ಲ ಬಿಚ್ಚಿ ಹರವಿದಳು. ಕೊನೆಗೆ ದನಿ ಇಳಿಸಿ, “ಅತ್ತಿಗೆ, ನಿಜವಾದ ನಂಬಿಕೆ ಇದ್ರೆ ಈ ಚಾಕು ಕತ್ತರಿ ಎಲ್ಲ ಯಾಕೆ? ಪ್ರಾರ್ಥನೆ ಮಾಡ್ಕೊಂಡು ಮನೇಲೇ ಇದ್ದುಬಿಡಿ. ಹೆದರೋದೇ ಪಾಪ” ಎಂದಳು.

ಅತ್ತೆ ಮೂಲೆಯಿಂದ ಸಿಡಿದರು. “ಹಲ್ಲು ನೋವಿಗೆ ಬೀದಿಯೆಲ್ಲ ಒಂದು ಮಾಡಿದವಳು ನೀನು! ಬಂದ್ಬಿಟ್ಳು ಉಪದೇಶ ಮಾಡೋಕೆ. ಎದ್ದು ನಡಿಯೇ!”

ಆದರೆ ನಾದಿನಿಯ ಮಾತು ಸಲೂನಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮನೆಯಲ್ಲೇ ಉಳಿಯಲು ಅವಳಿಗೊಂದು ನೆಪ ಬೇಕಿತ್ತು. ಅದೂ ಭಕ್ತಿಯ ನೆಪವಾದರೆ ಯಾರೂ ಬಾಯಿ ತೆರೆಯುವಂತಿಲ್ಲ. ನಾದಿನಿ ಅದನ್ನು ತಂದು ಕೈಗೇ ಇಟ್ಟು ಹೋಗಿದ್ದಳು.

ಮಾರನೆಯ ದಿನ ಮಧ್ಯಾಹ್ನ ಲಾರಿ ಡ್ರೈವರ್ ಬಂದ. ಊರೂರು ಸುತ್ತಿ ಬಂದ ಕಣ್ಣು ಕೆಂಡವಾಗಿತ್ತು. ನೊರೆ ಹಚ್ಚುವಷ್ಟರಲ್ಲಿ ಗೊರಕೆ ಶುರು. ಬಾಯಿ ತೆರೆದು, ಕುತ್ತಿಗೆ ಚಾಚಿ, ಎಳೆಮಗುವಿನ ಹಾಗೆ ಬಿದ್ದುಕೊಂಡಿದ್ದ. ಕತ್ತಿ ಹಿಡಿದು ನಿಂತ ಸಲೂನಕ್ಕನಿಗೆ ಅಂದು ಯಾಕೋ ಸಿಟ್ಟು ನೆತ್ತಿಗೇರಿತು. ಭುಜ ತಟ್ಟಿ ಎಬ್ಬಿಸಿದಳು.

“ಅಲ್ಲ ಕಣಯ್ಯ, ಕತ್ತಿನ ಮೇಲೆ ಕತ್ತಿ ಇದೆ. ಅದು ಹೇಗೆ ನಿದ್ದೆ ಬರತ್ತೆ ನಿಂಗೆ?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನೀವಿದ್ದೀರಲ್ಲಕ್ಕ. ನೋಡ್ಕೋತೀರ.”

“ನನ್ನ ಕೈ ಜಾರಿದ್ರೆ?”

“ಜಾರಿದ್ರೆ ಪಟಿಕ ಹಚ್ತೀರ. ಹಿಂದೆ ಒಂದ್ಸಲ ಹಚ್ಚಿರಲಿಲ್ವಾ? ಅರ್ಧ ಕತ್ತು ಕೊಟ್ಟು ಅರ್ಧ ಹಿಡ್ಕೊಂಡ್ರೆ ಇಬ್ಬರಿಗೂ ಕಷ್ಟ ಅಂತ ಮೊದಲನೇ ದಿನ ಬೈದವರು ನೀವೇ ಅಲ್ವಾ? ಬೇಗ ಮುಗಿಸಿ ಅಕ್ಕ, ಲೋಡ್ ಇದೆ.” ಮತ್ತೆ ಕಣ್ಣು ಮುಚ್ಚಿದ.

ಅವನ ಗಡ್ಡ ಮುಗಿಸಿ ಕಳಿಸಿದವಳು ಷಟರನ್ನು ಅರ್ಧ ಎಳೆದು, ತಾನೇ ಹೋಗಿ ಆ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಅದರಲ್ಲಿ ಕೂತವಳೇ ಅಲ್ಲ. ತಲೆ ಹಿಂದಕ್ಕೆ ಹಾಕಿದಳು. ಸೂರಿನ ಮೂಲೆಯಲ್ಲಿ ಜೇಡರ ಬಲೆ ಕಂಡಿತು. ಕುತ್ತಿಗೆ ಹೀಗೆ ಬಯಲಾದರೆ ಮನುಷ್ಯ ಎಷ್ಟು ಬಡಪಾಯಿ ಎಂದು ಆಗ ಗೊತ್ತಾಯಿತು. ಗೊತ್ತಾದದ್ದೇ ತಡ, ಜಗಳ ಶುರುಮಾಡಿದಳು.

“ನೋಡು ಯೇಸಪ್ಪ,” ಎಂದಳು ಗಟ್ಟಿಯಾಗಿ. “ಅವರನ್ನ ನೋಡ್ಕೋ ಅಂತ ದಿನಾ ಕೇಳ್ತಿದ್ದೆ. ಬ್ಲೇಡ್ ತರೋಕೆ ಹೋದವರು ವಾಪಸ್ ಬರ್ಲಿಲ್ಲ. ಆವತ್ತಿಂದ ನಿನ್ನ ಮೇಲೆ ಸಿಟ್ಟಿದೆ ನಂಗೆ. ಹಾಡಿ ಹಾಡಿ ಮುಚ್ಚಿಟ್ಟಿದ್ದೆ, ಇವತ್ತು ಹೇಳ್ಬಿಟ್ಟೆ. ಎಲ್ಲ ನಿನ್ನ ಕೈಲಿ ಬಿಟ್ಟಿದ್ದೀನಿ ಅಂತ ಬಾಯಲ್ಲಿ ಹೇಳೋದು, ಗ್ಯಾಸು, ನಲ್ಲಿ, ಫೋನು ಎಲ್ಲಾನೂ ನಾನೇ ಕಾಯ್ತಾ ಕೂರೋದು. ಅರ್ಧ ಕತ್ತು ಕೊಟ್ಟು ಅರ್ಧ ಹಿಡ್ಕೊಂಡಿದ್ದೆ. ಏನೀಗ?”

ಆಕಾಶದಿಂದ ದನಿ ಕೇಳಿಸುವ ಕಥೆ ಇದಲ್ಲ. ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಎದ್ದು ನಿಲ್ಲಿಸಬೇಕು ಎಂದೂ ಅವಳಿಗೆ ಅನ್ನಿಸಲಿಲ್ಲ. ಸುಮ್ಮನೆ ಒರಗಿದ್ದವಳಿಗೆ, ಚಿಕ್ಕಂದಿನಿಂದ ಕೇಳಿದ್ದ ಸಂಗತಿಯೊಂದು ಹೊಸದಾಗಿ ಕೇಳಿದಂತೆ ನೆನಪಾಯಿತು. ಹಿಡಿದು ಕೊಲ್ಲಲು ಬರುತ್ತಾರೆಂದು ಗೊತ್ತಿದ್ದ ಆ ಹೊತ್ತಿನಲ್ಲಿ ಯೇಸುವೂ ತೋಟದಲ್ಲಿ ಮೊಣಕಾಲೂರಿ ಬೆವರಿದ್ದ. ಇದು ತಪ್ಪಿ ಹೋಗಲಿ ಎಂದು ಅವನೂ ಅಂಗಲಾಚಿದ್ದ. ಆಮೇಲೆ ಎದ್ದು ತಾನಾಗಿಯೇ ಮುಂದೆ ನಡೆದಿದ್ದ.

“ಅಂದ್ರೆ ನಿಂಗೂ ಭಯ ಆಗಿತ್ತು,” ಎಂದಳು, ನೆಟ್ಟಗೆ ಕೂತು. “ಭಯ ಪಾಪ ಅಂತಾಳಲ್ಲ ನಮ್ಮ ನಾದಿನಿ, ಅವಳಿಗೆ ಹೇಳು ಇದನ್ನ! ಸರಿ. ನಾನೂ ಭಯ ಇಟ್ಕೊಂಡೇ ಬರ್ತೀನಿ. ದನಿ ಇರ್ಲಿ, ಹೋಗ್ಲಿ. ನಾನೇ ಇರ್ಲಿ, ಹೋಗ್ಲಿ. ಪೂರ್ತಿ ಕತ್ತು ನಿಂದು. ನೋಡ್ಕೋ.” ಆಮೇಲೆ ಕನ್ನಡಿಗೆ ತಿರುಗಿ, ಅಲ್ಲಿ ಬೆವೆತಿದ್ದ ಮುಖದೊಳಗೆ ಇಷ್ಟು ವರ್ಷ ಠಿಕಾಣಿ ಹಾಕಿದ್ದ ಭಯಕ್ಕೆ ಬೆರಳು ತೋರಿಸಿದಳು. “ನಿನ್ನ ನಾನು ನೋಡ್ಕೋತೀನಿ!”

ಆಪರೇಷನ್ನಿನ ದಿನ ನಾದಿನಿ ಆಸ್ಪತ್ರೆಯ ಗೇಟಿನಲ್ಲೇ ಅಳುತ್ತಾ ನಿಂತಿದ್ದಳು. “ಹೋಗ್ಲೇಬೇಕಾ ಅತ್ತಿಗೆ? ನಂಬಿಕೆ ಅನ್ನೋದು...”

“ನಂಬಿಕೆ ಇರೋದಕ್ಕೇ ಹೋಗ್ತಿರೋದು ಕಣೇ. ಇಲ್ಲದಿದ್ರೆ ಇಷ್ಟೊತ್ತಿಗೆ ಗ್ಯಾಸ್ ನೋಡೋಕೆ ಮನೆಗೆ ಓಡ್ತಿದ್ದೆ.” ಗ್ಯಾಸ್ ಆರಿಸಿ ಬಂದಿದ್ದಳೋ ಇಲ್ಲವೋ, ಅಂದು ನಿಜಕ್ಕೂ ಅವಳಿಗೆ ನೆನಪಿರಲಿಲ್ಲ.

ಒಳಗೆ ಭುಜದ ಕೆಳಗೆ ದಿಂಬಿಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿದರು. ತನ್ನ ಕುರ್ಚಿಯಲ್ಲಿ ಗಿರಾಕಿಗಳು ಒರಗುವ ಹಾಗೆಯೇ. ಹಲ್ಲ ಕಟಕಟ ಪಕ್ಕದವರಿಗೂ ಕೇಳುತ್ತಿತ್ತು. ಡಾಕ್ಟರಮ್ಮ ಬಗ್ಗಿ, “ಭಯ ಆಗ್ತಿದೆಯಾ?” ಎಂದರು.

“ಆಗ್ತಿದೆ. ಅದಕ್ಕೂ ಒಂದು ಸ್ಟೂಲ್ ಹಾಕಿ, ಮೂಲೇಲಿ ಬಿದ್ದಿರ್ಲಿ.”

ಮಾಸ್ಕಿನ ಮೇಲೆ ಡಾಕ್ಟರಮ್ಮನ ಕಣ್ಣುಗಳು ನಕ್ಕವು. ಆಗ, ದಿನವಿಡೀ ಕೇಳಿ ಕೇಳಿ ಬೇಸತ್ತಿದ್ದ ಅದೇ ಮಾತು ಸಲೂನಕ್ಕನ ಬಾಯಿಂದಲೇ ಹೊರಬಿತ್ತು. “ಸ್ವಲ್ಪ ನೋಡ್ಕೊಂಡು...” ಡಾಕ್ಟರಮ್ಮನಿಗೂ ಹೇಳಿದಳು, ಅವರ ಬೆನ್ನ ಹಿಂದೆ ನಿಂತಿದ್ದಾನೆಂದು ತಾನು ನಂಬಿದವನಿಗೂ ಹೇಳಿದಳು. “ನೋಡ್ಕೋತೀವಿ” ಎಂಬುದು ಕಿವಿಗೆ ಬಿತ್ತು. ಅವಳು ಅಲುಗಾಡಲಿಲ್ಲ.

ದನಿ ಒಡೆಯಿತು. ಕಿಟಕಿ ದಾಟುತ್ತಿದ್ದ ದನಿ ಈಗ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ದುಃಖವಾಗಲಿಲ್ಲವೇ? ಆಯಿತು, ಮೊದಲ ದಿನ ಬಿಕ್ಕಿ ಬಿಕ್ಕಿ ಅತ್ತಳು. ಭಾನುವಾರ ಅದೇ ದನಿಯಲ್ಲಿ ಹಾಡಿದಳು. ಮುಂದಿನ ಸಾಲಿನವರು ತಿರುಗಿ ನೋಡಿದಾಗ ಇನ್ನಷ್ಟು ಜೋರು ಮಾಡಿದಳು. ಗಾಯ ಒಣಗಿದ್ದೇ ಅಂಗಡಿಗೆ ಹೊರಟಳು. ನಾದಿನಿ ಸ್ಕಾರ್ಫ್ ಹಿಡಿದು ಓಡಿ ಬಂದಳು. “ಆ ಗುರುತು ಮುಚ್ಕೊಳ್ಳಿ ಅತ್ತಿಗೆ. ಟೆಸ್ಟ್ ರಿಪೋರ್ಟ್ ಬರೋ ತನಕನಾದ್ರೂ ಮನೇಲಿರಿ.”

“ರಿಪೋರ್ಟಿಗೆ ಅಂಗಡಿ ದಾರಿ ಗೊತ್ತು. ಬೇಕಾದ್ರೆ ಅಲ್ಲಿಗೇ ಬರ್ಲಿ.” ಸ್ಕಾರ್ಫನ್ನು ಕನ್ನಡಿ ಒರೆಸಲು ಇಟ್ಟುಕೊಂಡಳು.

ಲಾರಿ ಡ್ರೈವರ್ ಬಂದು ಒರಗಿದವನೇ ಕೆಳಗಿನಿಂದ ನೋಡಿದ. “ಗಂಟು ಹೋಯ್ತು, ಗೆರೆ ಬಂತಲ್ಲಕ್ಕ.”

“ನಾನೂ ಕತ್ತು ಕೊಟ್ಟು ಬಂದವಳೇ ಈಗ. ಅಲುಗಾಡ್ಬೇಡ.”

ಕೆನ್ನೆಗಳು ಮುಗಿದು ಕತ್ತಿ ಗದ್ದದ ಕೆಳಗಿಳಿದಾಗ ಫೋನು ರಿಂಗಾಯಿತು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಆಸ್ಪತ್ರೆಯ ನಂಬರು ಮಿನುಗುತ್ತಿತ್ತು. ಎದೆ ಝಲ್ಲೆಂದಿತು, ಎನ್ನಲಿಲ್ಲ ಎಂದರೆ ಸುಳ್ಳಾಗುತ್ತದೆ. ಓಡಲು ಕಾಲು ತಾನಾಗಿಯೇ ಎದ್ದಿತು. ಅವಳು ಆ ಕಾಲನ್ನು ಮತ್ತೆ ನೆಲಕ್ಕೆ ಊರಿದಳು.

“ಅಕ್ಕ, ಫೋನು,” ಎಂದ ಅವನು, ಕಣ್ಣು ತೆರೆಯದೆ.

“ಕಿವಿ ಇದೆ ನಂಗೆ. ನಿನ್ನ ಕತ್ತು ನನ್ನ ಕೈಲಿದೆ. ನನ್ನದು ಇನ್ನೊಬ್ಬನ ಕೈಲಿದೆ. ಕಾಯ್ಲಿ.”

ಫೋನು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಶುರುವಾಯಿತು. ಅವಳು ಉಳಿದದ್ದನ್ನು ನಿಧಾನವಾಗಿ ಮುಗಿಸಿ, ಕತ್ತಿ ತೊಳೆದಿಟ್ಟು, ಬಿಸಿ ಬಟ್ಟೆಯಿಂದ ಅವನ ಮುಖ ಒರೆಸಿ, ಪಟಿಕ ಸವರಿ, ಕೈ ಒರೆಸಿಕೊಂಡು ಫೋನೆತ್ತಿದಳು.

“ಹೇಳಿ ಡಾಕ್ಟರಮ್ಮ. ಒಳ್ಳೇದಿದ್ರೂ ಹೇಳಿ, ಕೆಟ್ಟದ್ದಿದ್ರೂ ಹೇಳಿ,” ಎಂದಳು ಆ ಒಡೆದ ದನಿಯಲ್ಲಿ. “ನಾವಿಬ್ರೂ ನೋಡ್ಕೋತೀವಿ.”

ಲಾರಿ ಡ್ರೈವರ್ ಕಣ್ಣು ಬಿಟ್ಟು ಸುತ್ತ ನೋಡಿದ. ಬೆಂಚು ಖಾಲಿ. ಅಂಗಡಿಯಲ್ಲಿ ತಾನು ಬಿಟ್ಟರೆ ಬೇರೆ ನರಪಿಳ್ಳೆಯಿರಲಿಲ್ಲ. ಇಬ್ಬರಲ್ಲಿ ಇನ್ನೊಬ್ಬ ತಾನೇ ಇರಬೇಕು ಎಂದುಕೊಂಡು, ಲೋಡಿನ ಅವಸರ ಮರೆತು, ಕುರ್ಚಿಯಲ್ಲಿ ನೆಟ್ಟಗೆ ಕೂತ.