ಹಗೇವಿನ ಬಾಯಿಗೆ ಗಾಜು

ಕಂದೀಲಿನ ಬತ್ತಿ ತೆಗೆಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವಾಗ ಮಾತನ್ನು ಸುತ್ತಿಸಿ ಬೇರೆ ಯಾರ ಮೇಲೋ ಹಾಕುವ ಆಸೆ ಆಗಬಹುದು.

ಅದು ಅಜ್ಜನ ಕಂದೀಲು. ಡಂಬಳದ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದರು. ಗಾಜು ಒಡೆದಿರಲಿಲ್ಲ. ತುಕ್ಕು ಉಜ್ಜಿ ತೆಗೆದು, ಬೆಟಗೇರಿಯ ಒಂದು ಅಂಗಡಿಗೆ ಒಯ್ದು, ಬತ್ತಿ ತೆಗೆಸಿ, ಎಣ್ಣೆ ತುಂಬುವ ಜಾಗದಲ್ಲಿ ಬ್ಯಾಟರಿ ಕೂಡಿಸಿ, ಒಳಗೆ ಒಂದು ಸಣ್ಣ ಹಳದಿ ಬಲ್ಬು ಹಾಕಿಸಿಕೊಂಡು ಬಂದೆ. ಪಡಸಾಲೆಯ ಕಂಬಕ್ಕೆ ತೂಗುಹಾಕಿದಾಗ ದೂರದಿಂದ ನೋಡಿದವರಿಗೆ ಬೆಂಕಿಯ ಕಂದೀಲಿನ ಹಾಗೆಯೇ ಕಾಣುತ್ತಿತ್ತು. ನನಗೆ ಬೇಕಾಗಿದ್ದೂ ಅದೇ.

ಆ ವರ್ಷ ಅಪ್ಪ ಶಾಲೆಯ ನೌಕರಿಯಿಂದ ನಿವೃತ್ತರಾಗಿದ್ದರು. ಗದಗಿನ ಬಾಡಿಗೆ ಮನೆ ಸಾಕು, ಡಂಬಳದ ಮನೆಯನ್ನು ನೆಟ್ಟಗೆ ಮಾಡಿಸಿ ಅಲ್ಲೇ ಇರೋಣ ಎಂದು ಹಟ ಹಿಡಿದಿದ್ದರು. ಆ ಮನೆಯಲ್ಲಿ ದೊಡ್ಡವ್ವ ಇದ್ದಳು. ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿದ ಮೇಲೂ ಎರಡು ಎಮ್ಮೆ ಕಟ್ಟಿಕೊಂಡು ಮನೆಯನ್ನು ಬೀಳಗೊಡದೆ ಹಿಡಿದವಳು. ನಾನು ಎರಡು ವರ್ಷ ನಾಗಾವಿಯ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಓಡಾಡಿ ಎಂ.ಎ. ಮುಗಿಸಿದ್ದೆ, ಕೆಲಸ ಸಿಕ್ಕಿರಲಿಲ್ಲ. ಹೀಗಾಗಿ ಮನೆಯನ್ನು ಹೇಗೆ ಮಾಡಿಸಬೇಕು ಎನ್ನುವುದು ನನ್ನ ಪಾಲಿಗೆ ಬಂತು.

ಹೊಸದೇನನ್ನೂ ತರಬಾರದು ಎಂದು ನಾನು ಮೊದಲೇ ನಿಶ್ಚಯಿಸಿದ್ದೆ. ಲಕ್ಷ್ಮೇಶ್ವರದಲ್ಲಿ ಕೆಡವುತ್ತಿದ್ದ ಒಂದು ಮನೆಯಿಂದ ಕೆತ್ತನೆಯ ಬಾಗಿಲು ತಂದೆವು. ಶಿರಹಟ್ಟಿಯ ಸೋದರತ್ತೆ ತನ್ನ ಬೀಸುಕಲ್ಲು ಕೊಟ್ಟಳು. ಅದರ ಮೇಲೆ ನಾನು ತುಳಸಿಯ ಕುಂಡ ಇಟ್ಟೆ. ದೊಡ್ಡವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಅದನ್ನು ಬಹಳ ಹೊತ್ತು ನೋಡಿದಳು.

"ಬೀಸೂ ಕಲ್ಲಿನ ಮ್ಯಾಲೆ ಗಿಡಾ ಇಟ್ಟಿ. ನಾಳಿ ನನ್ನ ಒಲಿ ಮ್ಯಾಲೆ ಏನ್ ಇಡಾಕಿ, ಗಿಣಿ ಪಂಜರಾನ?"

"ನಿನ್ನ ಒಲಿ ಮುಟ್ಟೂದಿಲ್ಲ ದೊಡ್ಡವ್ವಾ."

"ಮುಟ್ಟಬ್ಯಾಡ. ಅದು ಇನ್ನೂ ಕೆಲಸಾ ಮಾಡತೈತಿ."

ಪಡಸಾಲೆಯ ನೆಲಕ್ಕೆ ಹಾಸಿದ ಪರಸಿಕಲ್ಲುಗಳಲ್ಲಿ ನಡುವಿನ ಒಂದು ಉಳಿದವುಗಳಿಗಿಂತ ದಪ್ಪವಾಗಿತ್ತು. ಅದರ ಕೆಳಗೆ ಹಗೇವು. ಜೋಳ ಕೂಡಿಡಲು ನೆಲದೊಳಗೆ ತೋಡಿದ ಗುಳಿ. ಬಾಯಿ ಒಬ್ಬರು ಇಳಿಯುವಷ್ಟು ಇಕ್ಕಟ್ಟು, ಒಳಗೆ ಗಡಿಗೆಯ ಹಾಗೆ ಅಗಲ, ಆಳ ಸುಮಾರು ಎರಡು ಆಳು. ಜೋಳವನ್ನು ಚೀಲದಲ್ಲಿ ಇಡುವ ರೂಢಿ ಬಂದ ಮೇಲೆ ಅದನ್ನು ಮುಚ್ಚಿದ್ದರು. ನಾನು ಹುಟ್ಟುವುದಕ್ಕಿಂತ ಮೊದಲಿನ ಮಾತು. ಮೊಬೈಲಿನಲ್ಲಿ ನಾನು ಒಂದು ಚಿತ್ರ ನೋಡಿದ್ದೆ: ಯಾರದೋ ಮನೆಯೊಳಗಿನ ಹಳೆಯ ಬಾವಿಗೆ ದಪ್ಪ ಗಾಜು ಹಾಸಿ, ಒಳಗೆ ದೀಪ ಬಿಟ್ಟಿದ್ದರು. ಅದನ್ನು ಅಪ್ಪನಿಗೆ ತೋರಿಸಿದೆ. ಅವರಿಗೆ ನನಗಿಂತ ಹೆಚ್ಚು ಹಿಡಿಸಿತು.

"ಇದರಾಗ ಇಳಿಯಾಂವ ನಾನ ಇದ್ದೆ. ಬಡಕ ಇದ್ನೆಲ್ಲಾ, ಈ ಬಾಯಾಗ ಸಳ್ಳನ ಹೋಗ್ತಿದ್ದೆ. ಅವ್ವನ ಕೊಳಗ ಒಳಗ ಉಳದೈತಿ ನೋಡು. ಕಡೀ ಸಲ ಜೋಳ ತಗದಾಗ ಮರತ ಬಂದಿದ್ದೆ. ಅದಕ್ಕ ಏಟೂ ತಿಂದೇನಿ."

ಕೊಳಗ ಎಂದರೆ ಜೋಳ ಅಳೆಯುವ ಪಾತ್ರೆ. ಹಿತ್ತಾಳೆಯ ಪಟ್ಟಿ ಬಡಿದದ್ದು ಎಂದು ಅಪ್ಪ ಕೈಯಲ್ಲಿ ಅದರ ಗಾತ್ರ ತೋರಿಸಿದರು. ಅದನ್ನು ಇಡಲು ನಾನು ಆಗಲೇ ಗೋಡೆಯಲ್ಲಿ ಒಂದು ಗೂಡು ನೋಡಿಟ್ಟೆ.

ದೊಡ್ಡವ್ವ ಬೇಡ ಅನ್ನಲಿಲ್ಲ. "ಗಾಜರೆ ಹಾಕ್ರಿ, ಬಂಗಾರರೆ ಹಾಕ್ರಿ. ಇಳಿಯೂಮುಂದ ಹುಷಾರ. ಮುಚ್ಚಿದ ಹಗೇವಿನಾಗ ಗಾಳಿ ಕೆಟ್ಟಿರತೈತಿ. ನನ್ನ ತವರಮನಿ ಓಣ್ಯಾಗ ಅಣ್ಣಾ ತಮ್ಮಾ ಇಬ್ಬರು ಒಂದ ಹಗೇವಿನಾಗ ಹ್ವಾದ್ರು. ಇಳದ ಅಣ್ಣ ಮ್ಯಾಲೆ ಬರಲಿಲ್ಲಂತ ತಮ್ಮ ಇಳದ. ದಿನಪೂರ್ತಿ ತೆರದ ಬಿಡಬೇಕು. ಕಂದೀಲ ಬಿಟ್ಟ ನೋಡಬೇಕು."

ಎಂ.ಎ. ಓದುವಾಗ ನಾನು ಹಳ್ಳಿಗಳಲ್ಲಿ ಕಾಳು ಕೂಡಿಡುವ ಬಗೆಗಳ ಮೇಲೆ ಒಂದು ವರದಿ ಬರೆದಿದ್ದೆ. ಅದರಲ್ಲಿ ಹಗೇವಿನ ಬಗ್ಗೆ ಎರಡು ಪುಟ ಇತ್ತು. 'ಇಳಿಯುವ ಮೊದಲು ಕಂದೀಲು ಬಿಡುವ ಪದ್ಧತಿ ಇತ್ತು' ಎಂಬ ವಾಕ್ಯವನ್ನು ಆಚರಣೆಗಳು ಎಂಬ ತಲೆಬರಹದ ಕೆಳಗೆ, ಕಲ್ಲಿಗೆ ಕುಂಕುಮ ಹಚ್ಚುವ ವಿಷಯದ ಪಕ್ಕದಲ್ಲಿ ಬರೆದಿದ್ದೆ. ಯಾಕೆ ಬಿಡುತ್ತಿದ್ದರು ಎಂದು ಯಾರನ್ನೂ ಕೇಳಿರಲಿಲ್ಲ. ದೊಡ್ಡವ್ವ ಹೇಳಿದಾಗಲೂ ಅವು ಎರಡು ಬೇರೆ ಮಾತು ಎಂದುಕೊಂಡೆ: ತೆರೆದು ಬಿಡುವುದು ಗಾಳಿಗಾಗಿ, ಕಂದೀಲು ಹುಳಹುಪ್ಪಡಿ ಕಾಣಲಿ ಎಂದು.

ಶುಕ್ರವಾರ ಬೆಳಿಗ್ಗೆ ಗವಂಡಿ ಚಾಚಾ ಹಾರೆ ಹಾಕಿ ಕಲ್ಲು ಎಬ್ಬಿಸಿದರು. ನಮ್ಮ ಮನೆಯ ಗೋಡೆ ಕೆಲಸವನ್ನೆಲ್ಲ ಮಾಡುತ್ತಿದ್ದವರು ಅವರೇ. ಕಲ್ಲು ಸರಿದಾಗ ಹುಳಿ ವಾಸನೆ ಎದ್ದಿತು, ಬಹಳ ದಿನ ಮುಚ್ಚಿಟ್ಟು ಮರೆತ ಅಂಬಲಿಯ ಹಾಗೆ. ಬಾಗಿಲು, ಬೆಳಕಿಂಡಿ ಎಲ್ಲ ತೆರೆದೇ ಇದ್ದರೂ ಅದು ಹೊರಗೆ ಹೋಗದೆ ಪಡಸಾಲೆಯಲ್ಲಿಯೇ ಕುಳಿತಿತ್ತು.

ಚಾಚಾ ಮೂಗು ಒರೆಸಿಕೊಂಡರು. "ಮಾಸ್ತರ್ರ, ಯಾರೂ ಇಳೀಬ್ಯಾಡ್ರಿ. ಇವತ್ತ ಜುಮ್ಮಾ ಐತಿ, ನಾ ನಮಾಜ್ ಮುಗಿಸಿ ಬರತೇನಿ. ಬಂದಮ್ಯಾಲೆ ನಾನ ನೋಡತೇನಿ."

"ಹೋಗಿ ಬಾ ಮಾರಾಯಾ. ಹಗೇವು ಎಲ್ಲಿ ಓಡಿ ಹೊಕ್ಕೈತಿ?"

ಚಾಚಾ ಹೋದ ಸ್ವಲ್ಪ ಹೊತ್ತಿಗೆ ಗದಗಿನಿಂದ ಗಾಜಿನವನು ಬಂದ. ಸಂಜೆ ಬರಬೇಕಾಗಿದ್ದವನು, ಮುಂಡರಗಿಯಲ್ಲಿ ಬೇರೆ ಅಳತೆ ಇದೆ, ಈಗಲೇ ಮುಗಿಸಿಬಿಡೋಣ ಎಂದ. ಬಾಯಿಯ ಅಳತೆ ತೆಗೆದುಕೊಂಡು, ಹೊಟ್ಟೆಯ ಮೇಲೆ ಮಲಗಿ ಒಳಗೆ ಇಣುಕಿದ.

"ಏನ್ ವಾಸನೀ ಇದು ಮಾಸ್ತರ್ರ! ಒಳಗ ದಾರೂ ಅಂಗಡಿ ಇಟ್ಟೀರೇನು?"

ಅಪ್ಪ ನಕ್ಕರು. "ನಿಮ್ಮಂಥಾವರು ಬಂದ್ರ ಇರಲಿ ಅಂತ ಇಟ್ಟೇವಿ."

"ಒಳಗಿನ ಅಂಚು ಗಟ್ಟಿ ಐತೋ ಇಲ್ಲೋ ನೋಡಬೇಕಲ್ರಿ. ಏನೂ ಕಾಣವಲ್ದು."

"ಕಂದೀಲ ತಾ," ಎಂದು ಅಪ್ಪ ನನಗೆ ಹೇಳಿದರು.

ನಾನು ಕಂಬದ ಕಂದೀಲನ್ನು ತೆಗೆದು ಹಗ್ಗ ಕಟ್ಟಿ ಇಳಿಬಿಟ್ಟೆ. ಬೆಳಕು ಒಂದಿಷ್ಟೂ ಅಲುಗಲಿಲ್ಲ. ಗೋಡೆಯ ತೇವ, ಕಪ್ಪಾಗಿ ಗಟ್ಟಿಯಾದ ಜೋಳ, ಕೊಳೆತ ಹುಲ್ಲು ಎಲ್ಲ ಸ್ಪಷ್ಟ ಕಂಡವು. ಒಂದು ಮಗ್ಗುಲಲ್ಲಿ ಹುಲ್ಲಿನಿಂದ ಹಿತ್ತಾಳೆಯ ಅಂಚು ಎದ್ದಿತ್ತು.

"ಅವ್ವನ ಕೊಳಗ!" ಎಂದರು ಅಪ್ಪ. ಅವರ ಧ್ವನಿ ಹಾಗೆ ಏರಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. "ಕಂದೀಲ ಬಿಟ್ರೇನು?" ದೊಡ್ಡವ್ವ ಅಲ್ಲಿಂದಲೇ ಕೂಗಿದಳು.

"ಬಿಟ್ಟೇವ್ರಿ ವೈನಿ," ಎಂದು ಅಪ್ಪ ಅತ್ತಿಗೆಗೆ ಹೇಳಿದರು.

"ಆರಿತೇನು?"

"ಇಲ್ರೀ. ಝಗಝಗ ಅನ್ನಾಕತ್ತೈತಿ."

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಎಮ್ಮೆ ಕಟ್ಟುವ ಕಡೆ ದೊಡ್ಡವ್ವನದೇ ಒಂದು ಕಂದೀಲು ಇತ್ತು, ಎಣ್ಣೆಯದು, ಕರೆಂಟು ಹೋದಾಗ ಹಚ್ಚುತ್ತಿದ್ದಳು. ನಾವು ಅದನ್ನು ಬಿಟ್ಟಿದ್ದೇವೆ ಎಂದು ಅವಳು ತಿಳಿದಳು. ಆರಿತೇನು ಎಂದು ಅವಳು ಯಾಕೆ ಕೇಳಿದಳು ಎನ್ನುವ ಪ್ರಶ್ನೆ ನನ್ನ ಮನಸ್ಸಿಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಬಾಯಿಬಿಟ್ಟು ಕೇಳಲಿಲ್ಲ. ಅಪ್ಪ ಆಗಲೇ ಧೋತರ ಎತ್ತಿ ಕಟ್ಟಿ, ಬಿದಿರಿನ ಏಣಿ ಇಳಿಬಿಟ್ಟು ಅದರ ಮೇಲೆ ಕಾಲಿಟ್ಟಿದ್ದರು.

"ಚಾಚಾ ಬರಲಿ ಅಪ್ಪಾ," ಎಂದೆ.

"ಅಂವಾ ಬರೂದ್ರಾಗ ತಂದಿರತೇನಿ."

ಕೊನೆಯ ಮೆಟ್ಟಿಲು ದಾಟಿ, "ಬೆಚ್ಚಗೈತಿ ಒಳಗ," ಎಂದರು. ಬಗ್ಗಿದರು. ಕೈ ಹಿತ್ತಾಳೆಯ ಅಂಚಿನ ಮೇಲೆ ಹೋಯಿತು, ಆದರೆ ಅದನ್ನು ಎತ್ತಲಿಲ್ಲ. ನಿಧಾನವಾಗಿ ಕುಳಿತರು. ಸರಿಯಾಗಿ ನೋಡಲು ಕುಳಿತಿದ್ದಾರೆ ಎಂದುಕೊಂಡೆ. ಕರೆದೆ. ಅವರು ಗೋಡೆಗೆ ಕೈ ಹಚ್ಚಿದರು. ಕೈ ಜಾರಿ ಕೆಳಗೆ ಬಿತ್ತು, ತಲೆ ಹೆಗಲ ಮೇಲೆ ವಾಲಿತು. ಕಂದೀಲು ಅವರ ಮೊಳಕಾಲಿನ ಹತ್ತಿರ ಮೊದಲಿನಷ್ಟೇ ಬೆಳಕು ಕೊಡುತ್ತಿತ್ತು. ಅವರ ಮುಖ ಪೂರ್ತಿ ಕಾಣುತ್ತಿತ್ತು.

ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಏಣಿಯ ಮೇಲೆ ಎರಡು ಮೆಟ್ಟಿಲು ಇಳಿದಿದ್ದೆ. ಹಿಂದಿನಿಂದ ಯಾರೋ ಜಡೆ ಹಿಡಿದು ಎಳೆದರು. ಪರಸಿಯ ಮೇಲೆ ಬೆನ್ನು ಹಚ್ಚಿ ಬಿದ್ದೆ. ದೊಡ್ಡವ್ವನ ಕೈಯ ಹಿಟ್ಟು ನನ್ನ ಕೂದಲಿಗೆಲ್ಲ ಮೆತ್ತಿತ್ತು.

"ನೀ ಇಳದ್ರ ಎರಡು ಹೆಣಾ ತಗೀಬೇಕಾಗತೈತಿ ನಾ!" ಎಂದಳು. ಗಾಜಿನವನ ಕಡೆ ತಿರುಗಿ, "ಏ ತಮ್ಮಾ, ಮಸೂತಿಗೆ ಓಡು. ಗವಂಡ್ಯಾರನ್ನ ಕರಕೊಂಡ ಬಾ. ಓಡೋ!"

ಮಂಚದ ಮೇಲಿನ ಕೌದಿಯನ್ನು ಎಳೆದು, ಹಗ್ಗಕ್ಕೆ ಕಟ್ಟಿ, ಹಗೇವಿನ ಬಾಯಿಯೊಳಗೆ ಬಿಟ್ಟಳು. ಮೇಲೆ ಎಳೆದಳು. ಮತ್ತೆ ಬಿಟ್ಟಳು. ಬಾವಿಯಿಂದ ನೀರು ಸೇದಿದ ಹಾಗೆ ಒಳಗಿನ ಗಾಳಿಯನ್ನು ಸೇದುತ್ತಿದ್ದಳು. ನಾನೂ ಹಗ್ಗ ಹಿಡಿದೆ. ಕೌದಿ ಒಮ್ಮೊಮ್ಮೆ ಅಪ್ಪನ ತಲೆಗೆ ತಾಗುತ್ತಿತ್ತು, ಅವರು ತಲೆ ಎತ್ತುತ್ತಿರಲಿಲ್ಲ. ನಲವತ್ತರವರೆಗೆ ಎಣಿಸಿದ್ದು ನೆನಪಿದೆ.

ಚಾಚಾ ಟೋಪಿ ಹಾಕಿಕೊಂಡೇ ಓಡಿ ಬಂದರು. ಎರಡು ಹಗ್ಗ ತೆಗೆದುಕೊಂಡು ಒಂದನ್ನು ತಮ್ಮ ತೋಳುಗಳ ಕೆಳಗೆ ಸುತ್ತಿ ಗಂಟು ಹಾಕಿ, ತುದಿ ಗಾಜಿನವನ ಕೈಗೆ ಕೊಟ್ಟರು. ಬಾಯಿಯ ಹತ್ತಿರ ನಿಂತು ಎದೆ ತುಂಬ ಉಸಿರು ತೆಗೆದುಕೊಂಡು ಇಳಿದರು. ಒಂದೇ ಉಸಿರಿನಲ್ಲಿ ಇನ್ನೊಂದು ಹಗ್ಗವನ್ನು ಅಪ್ಪನಿಗೆ ಸುತ್ತಿ ಮೇಲೆ ಬಂದರು. ಪರಸಿಯ ಮೇಲೆ ಮೊಳಕಾಲೂರಿ ಕೆಮ್ಮುತ್ತ, ಎಳೆಯಿರಿ ಎಂದು ಕೈ ಮಾಡಿದರು. ಎಳೆದೆವು. ಹುಡುಗನಾಗಿದ್ದಾಗ ಸಳ್ಳನೆ ಹೋಗುತ್ತಿದ್ದ ಬಾಯಿಯಲ್ಲಿ ಅಪ್ಪನ ಹೆಗಲು ಸಿಕ್ಕಿಕೊಂಡಿತು. ಚರ್ಮ ಸುಲಿಯುತ್ತಿದೆ ಎಂದು ಗೊತ್ತಿದ್ದೇ ಎಳೆದೆವು.

ಮುಂಡರಗಿಯ ದವಾಖಾನೆ ಮುಟ್ಟುವವರೆಗೂ ಅವರ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಅಲ್ಲಿಂದ ಗದಗಿಗೆ ಕಳಿಸಿದರು. ಇಳಿಯುವ ಮೊದಲು ದೀಪ ಬಿಟ್ಟು ನೋಡಿದ್ದಿರಾ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಹೇಳಿದಳು: "ಬಿಟ್ಟಿದ್ವಿರಿ. ನಾ ಬಂದು ನೋಡಲಿಲ್ಲರಿ. ತಪ್ಪು ನಂದು." ನಾನು ಸುಮ್ಮನಿದ್ದೆ.

ಮೂರನೆಯ ದಿನ ಅಪ್ಪ ಕಣ್ಣು ಬಿಟ್ಟರು. ಗಂಟೆ ಎಷ್ಟಾಯಿತು, ಶಾಲೆಗೆ ತಡವಾಯಿತೇನು ಎಂದು ಕೇಳಿದರು. ಗದಗಿನ ಬಾಡಿಗೆ ಮನೆಯಿಂದ ಬಂದು ಹಾಸಿಗೆಯ ಪಕ್ಕ ಕುಳಿತಿದ್ದ ನನ್ನ ಅವ್ವ, ಇವತ್ತು ಸೂಟಿ ಎಂದಳು.

ಹಗೇವನ್ನು ಚಾಚಾ ಹಳೆಯ ಮಾಳಿಗೆಯ ಮಣ್ಣು ಹಾಕಿ ತುಂಬಿದರು. ಕೊಳಗ ಒಳಗೇ ಉಳಿಯಿತು. ತುಂಬುವ ಮೊದಲು ಕಂದೀಲನ್ನು ಮೇಲೆ ಎಳೆದು, ಅದರ ತಳ ತಿರುಗಿಸಿ ನೋಡಿ, ನನ್ನ ಕೈಗೆ ಕೊಟ್ಟರು. "ಬೇಟಾ, ಒಳಗ ಉರಿ ಬದುಕಿದ್ರ ಮನಷ್ಯಾ ಬದುಕತಾನ. ಉರಿ ಆರಿದ್ರ ಇಳೀಬಾರದು. ಅದಕ್ಕ ಬಿಡತಿದ್ರು." ದನಿ ಎತ್ತರಿಸಲಿಲ್ಲ. ಮತ್ತೆ ಅದರ ಮಾತೇ ತೆಗೆಯಲಿಲ್ಲ.

ಎರಡು ತಿಂಗಳಾದ ಮೇಲೆ ದೊಡ್ಡವ್ವನಿಗೆ ಹೇಳಿದೆ, ದವಾಖಾನೆಯಲ್ಲಿ ನಾನು ಮಾತಾಡಬೇಕಿತ್ತು ಎಂದು.

"ಯಾವ ಕಂದೀಲ ಬಿಟ್ಟಿದ್ರಿ ಅಂತ ಅವತ್ತ ಗೊತ್ತಾತು," ಎಂದಳು. "ಹಿಟ್ಟು ನನ್ನ ಕೈಯಾಗಿತ್ತು, ಕಣ್ಣಾಗಲ್ಲ."

"ಮತ್ತ ಅಪ್ಪಗ?"

"ಅಂವಗ ಆ ಶುಕ್ರವಾರನ ನೆನಪಿಲ್ಲ. ನೀ ಹೇಳಿ ಏನ್ ನೆನಪು ಮಾಡಿ ಕೊಡಾಕಿ?"

ಅಪ್ಪನಿಗೆ ನಾನು ಇನ್ನೂ ಹೇಳಿಲ್ಲ. ಅವರು ನಡೆಯುತ್ತಾರೆ, ಪೇಪರು ಓದುತ್ತಾರೆ, ಕೆರೆಯ ಕಡೆ ಹೋಗಿ ಬರುತ್ತಾರೆ. ಆದರೆ ಮಾತಿನ ನಡುವೆ ಒಂದು ಪದಕ್ಕಾಗಿ ನಿಲ್ಲುತ್ತಾರೆ. ನಾವು ಆ ಪದ ಹೇಳಿಕೊಟ್ಟರೆ ಸಿಟ್ಟಾಗುತ್ತಾರೆ. ಮಲಗಿದಾಗ ಉಸಿರಿನ ಕಡೆ ಲಕ್ಷ್ಯ ಇರಲಿ ಎಂದು ಡಾಕ್ಟರು ಹೇಳಿದ್ದಾರೆ. ಎಷ್ಟು ದಿನ ಎಂದು ಹೇಳಿಲ್ಲ.

ಊಟವಾದ ಮೇಲೆ ಅಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ಮಣ್ಣು ತುಂಬಿದ ಆ ಜಾಗವೇ ಅವರಿಗೆ ತಂಪು. ಬೇರೆ ಕಡೆ ಹಾಸಿದರೆ ಎಳೆದುಕೊಂಡು ಅಲ್ಲಿಗೇ ಬರುತ್ತಾರೆ. ನಾನು ಹೊಸ್ತಿಲ ಹತ್ತಿರ ಪುಸ್ತಕ ಹಿಡಿದು ಕುಳಿತು ಅವರ ಬನಿಯನ್ ಏರಿಳಿಯುವುದನ್ನು ನೋಡುತ್ತೇನೆ. ಒಮ್ಮೊಮ್ಮೆ ಇಳಿದದ್ದು ಬಹಳ ಹೊತ್ತು ಏರುವುದಿಲ್ಲ. ನಾನು ಎದ್ದ ಸಪ್ಪಳ ಅವರಿಗೆ ಹೇಗೋ ಗೊತ್ತಾಗುತ್ತದೆ. ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ: "ಇನ್ನೂ ಅದೇನಿ. ಓದು."

ಮೊನ್ನೆ ಹೇಳಲಿಲ್ಲ. ಹತ್ತಿರ ಹೋಗಿ ಮೂಗಿನ ಕೆಳಗೆ ಕೈ ಹಿಡಿದು ಕುಳಿತೆ. ಉಸಿರು ತಾಗಿತು. ತಡವಾಗಿ ತಾಗಿತು.