ಮನಸ್ಸಿಗೆ ದಂಡ ಹೊಡಿಸಿದ ಹವಾಲ್ದಾರ

ಗರಗದ ರಾಜರತ್ನ ಅಗದಿ ಛಲೋ ಮನಷ್ಯಾ. ಫೌಜಿನ್ಯಾಗ ಹವಾಲ್ದಾರ ಆಗಿ ರಿಟೈರ್ ಆಗಿ ಬಂದಾಂವ, ಈಗ ಊರ ಹತ್ರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿ ಗೇಟಿನ್ಯಾಗ ಸೆಕ್ಯೂರಿಟಿ ಮುಖ್ಯಸ್ಥ. ಅಂಗಿ ಇಸ್ತ್ರಿ ಕೆಡೂದಿಲ್ಲ, ಕೊಟ್ಟ ಮಾತು ತಪ್ಪೂದಿಲ್ಲ. ಖರೇ, ಆದರ ಧ್ಯಾನದ ವಿಷಯದಾಗ ಅಂವ ಮಾಡಿದ ಹುಚ್ಚುತನಾ ಐತಲ್ಲ, ಅದು ಬ್ಯಾರೆ ಯಾರ ಕೈಲೂ ಆಗೂದಿಲ್ಲ ಬಿಡ್ರಿ. ಅದನ್ನ ಹೇಳೂಕಿಂತ ಮೊದಲ ಅವನ ಸಂಕಟ ಹೇಳಬೇಕು, ಇಲ್ಲಂದ್ರ ನೀವು ನಕ್ಕು ಎದ್ದು ಹೋಗ್ತೀರಿ.

ಕಾಶ್ಮೀರದಾಗ ಗಸ್ತು ಹೊಂಟಾಗ ರಾಜರತ್ನನ ಮುಂದ ಶಿದ್ದಪ್ಪ ನಡದಿದ್ದ. ಬೈಲಹೊಂಗಲ ಕಡೆಯ ಹುಡುಗ, ಜೀವದ ಗೆಳೆಯ. ಅವತ್ತು ಮುಂದ ನಡೀಬೇಕಾದಾಂವ ರಾಜರತ್ನ. ‘ನಿನಗ ಜ್ವರಾ ಬಂದಾವ, ಹಿಂದ ಬಾರಲೇ’ ಅಂತ ಶಿದ್ದಪ್ಪ ತಾನ ಮುಂದಾದ. ನೆಲದಾಗ ಹುಗದಿಟ್ಟ ಬಾಂಬು ಸಿಡೀತು. ರಾಜರತ್ನ ಉಳದ, ಶಿದ್ದಪ್ಪ ಉಳೀಲಿಲ್ಲ.

ಊರಿಗೆ ಬಂದ ಮ್ಯಾಲೂ ಆ ಸಪ್ಪಳ ಮೈಯಾಗ ಮನಿ ಮಾಡಿತ್ತು. ಕುಕ್ಕರ್ ಸೀಟಿ ಹೊಡದರ ಬೆವರತಿದ್ದ, ಲಗ್ನದ ಪಟಾಕಿ ಸಿಡದರ ಗೋಡಿಗೆ ಬೆನ್ನ ಹಚ್ಚಿ ಕುಂದರತಿದ್ದ. ಒಂದಿನ ಹೆಂಡತಿ ಮುತ್ತವ್ವ ಚಾ ತಂದು ಹಿಂದಿನಿಂದ ಹೆಗಲ ಮ್ಯಾಲ ಕೈ ಇಟ್ಟಳು. ಇಟ್ಟಿದ್ದ ತಡ, ಅಕಿನ್ನ ತಿರುವಿ ನೆಲಕ್ಕ ಒಗದುಬಿಟ್ಟ. ಮಣಿಕಟ್ಟು ಮುರೀತು. ಮುತ್ತವ್ವ ಖಾದಿ ಕೇಂದ್ರದಾಗ ನೂಲು ತಗಿಯಾಕಿ. ಕೈಗೆ ಪಟ್ಟಿ ಕಟ್ಟಿಕೊಂಡು ಮನ್ಯಾಗ ಕುಂತಳು, ಕೇಳಿದವರಿಗೆಲ್ಲ ‘ನಳದ ಹತ್ರ ಜಾರಿ ಬಿದ್ದೆ’ ಅಂದ್ಲು. ಆ ಸುಳ್ಳು ಕೇಳಿ ರಾಜರತ್ನಗ ತನ್ನ ಮ್ಯಾಲ ತನಗ ಹೇಸಿಕಿ ಬಂತು. ಅವತ್ತಿನಿಂದ ಪಡಸಾಲ್ಯಾಗ ಒಬ್ಬನ ಮಲಗಾಕ ಹತ್ತಿದ.

ಇಂಥಾದ್ರಾಗ ಹುಬ್ಬಳ್ಳಿಗೆ ಕೊಟ್ಟ ಮಗಳು ಸಂಘಮಿತ್ರಾ ಬಸರಾದ್ಲು. ಚೊಚ್ಚಲ ಹೆರಿಗಿ ತವರಾಗ ಆಗಬೇಕು, ಬಾಣಂತನ ಹಡದವ್ವ ಮಾಡಬೇಕು. ನಮ್ಮ ಕಡೆ ಇದಕ್ಕ ಎರಡು ಮಾತಿಲ್ಲ. ರಾಜರತ್ನ ಮಾತ್ರ ಬ್ಯಾಡ ಅಂದ. ‘ಕೂಸು ಈ ಮನಿಗೆ ಬರೂದು ಬ್ಯಾಡ. ಅಕಿ ಅತ್ತೀ ಮನ್ಯಾಗ ಆಗಲಿ. ಅದು ಒಮ್ಮಿಗಿಲೆ ಚೀರಿದ್ರ ನನ್ನ ಕೈ ಏನು ಮಾಡತಾವೋ ನನಗ ಗೊತ್ತಿಲ್ಲ’ ಅಂದ.

ಮುತ್ತವ್ವ ಇಷ್ಟು ದಿನಾ ನುಂಗಿದ್ದನ್ನ ಅವತ್ತು ಕಾರಿದ್ಲು. ‘ನನ್ನ ಕೈ ಮುರದ್ರಿ, ನಾ ಒಂದು ಮಾತು ಅಂದೇನೇನ್ರಿ? ಮಗಳ ತವರು ಮುರದ್ರ ನಾ ಸುಮ್ಮನಿರಾಕಿ ಅಲ್ಲ ಮತ್ತ!’ ಫೋನಿನ್ಯಾಗ ಮಗಳು ಅದಕ್ಕಿಂತ ಜೋರು. ‘ಅಪ್ಪಾ, ನಾ ಅಂತೂ ಬರಾಕಿನ. ಅಷ್ಟರಾಗ ನಿಂದು ಏನೈತಿ ಅದನ್ನ ನೆಟ್ಟಗ ಮಾಡ್ಕೋ.’ ಹವಾಲ್ದಾರಗ ಮ್ಯಾಲಿಂದ ಹುಕುಂ ಬಂದಂಗ ಆತು.

ಮಾಜಿ ಸೈನಿಕರ ದವಾಖಾನಿ ಡಾಕ್ಟರು ಗುಳಿಗಿ ಬರಕೊಟ್ರು. ಕೂಡ ಹುಬ್ಬಳ್ಳಿಯ ದೇಶಪಾಂಡೆ ನಗರದ ಅಬೀದಾ ಮೇಡಂ ಅಂಬೋ ಕೌನ್ಸೆಲರ್ ಹತ್ರ ಕಳಿಸಿದ್ರು. ಅವರು ಶನಿವಾರಕ್ಕೊಮ್ಮೆ ಇವನಂಥಾ ಮಾಜಿ ಸೈನಿಕರನ್ನ ಕೂಡಿಸಿ ಧ್ಯಾನ ಕಲಸ್ತಿದ್ರು. ಮೊದಲ ದಿನ ‘ಕಣ್ಣ ಮುಚ್ಚರಿ’ ಅಂದ್ರ ರಾಜರತ್ನ ಮುಚ್ಚಲಿಲ್ಲ. ‘ಪಹರೆದಾಗ ಕಣ್ಣ ಮುಚ್ಚಿದ್ರ ಕೋರ್ಟ್ ಮಾರ್ಷಲ್ ರೀ ಮೇಡಂ.’

‘ಹಂಗಾರ ತೆರದ ಕೂಡ್ರಿ’ ಅಂದ್ರು ಅಬೀದಾ. ‘ಉಸಿರು ಒಳಗ ಬರೂದು, ಹೊರಗ ಹೋಗೂದು, ಅಷ್ಟ ನೋಡ್ರಿ. ಮನಸ್ಸು ಎಲ್ಲೆರೆ ಓಡಿ ಹೋತು ಅಂದ್ರ, ಹೋತು ಅಂತ ತಿಳಕೊಂಡು ಹೊಳ್ಳಿ ಕರಕೊಂಡು ಬರ್ರಿ.’ ರಾಜರತ್ನಗ ಒಳಗೊಳಗ ನಗು ಬಂತು. ಮನ್ಯಾಗ ಅಪ್ಪನ ಕಾಲದಿಂದ ಬುದ್ಧನ ಫೋಟೋ ಐತಿ, ದಿನಾ ಊದಿನಕಡ್ಡಿ ಹಚ್ಚತಾನ, ತಾನೂ ಹಂಗ ಕುಂತು ನೋಡೂಣು ಅಂತ ಮಾತ್ರ ಒಂದಿನಾನೂ ಹೊಳದಿರಲಿಲ್ಲ!

ಈಗ ಬಂತು ನೋಡ್ರಿ ಹುಚ್ಚುತನಾ. ಮುಂಜಾನೆದ್ದು ಅಂಗಳದಾಗ ಚಾಪಿ ಹಾಸಿ ಕುಂತ. ಮನಸ್ಸು ಓಡಿತು. ಹೇಳಿದ ಜಾಗಾ ಬಿಟ್ಟು ಹೋದ ಸಿಪಾಯಿಗೆ ಫೌಜಿನ್ಯಾಗ ಏನ್ ಮಾಡತಾರ? ಸಜಾ ಕೊಡತಾರ! ರಾಜರತ್ನ ಅಲ್ಲೇ ಚಾಪಿ ಮ್ಯಾಲ ಕೈಯೂರಿ, ಮೈ ಎತ್ತಿ ಇಳಿಸಿ ದಂಡ ಹೊಡದ. ಮತ್ತ ಕುಂತ, ಮತ್ತ ಓಡಿತು, ಮತ್ತ ದಂಡ. ಆ ಮನಸ್ಸು ಬಗ್ಗೂದಲ್ಲ, ಇಂವಾ ಬಿಡಾಂವಲ್ಲ. ಧ್ಯಾನಕ್ಕ ಕುಂತಾಂವ ಗರಡಿಮನಿಯಿಂದ ಬಂದ ಪೈಲ್ವಾನನಂಗ ಬೆವತು ಏಳ್ತಿದ್ದ. ಬಾಜೂಮನಿ ಹಾಜರಾಬಿ ಗೋಡಿ ಮ್ಯಾಲಿಂದ ಇಣಕಿ, ‘ಯಾಕ್ರಿ ಭಾಯೀ, ಈ ವಯಸ್ಸಿನ್ಯಾಗ ಮತ್ತ ಫೌಜಿನ ಭರ್ತಿಗೆ ಹೊಂಟೀರೇನು?’ ಅಂದ್ಲು. ಮುತ್ತವ್ವ ಸೆರಗು ಬಾಯಿಗಿಟ್ಟು ನಕ್ಕಳು. ಆ ಮನ್ಯಾಗ ಅಕಿ ನಗು ಕೇಳಿ ಎಷ್ಟು ದಿನಾ ಆಗಿತ್ತೋ!

ಮುಂದಿನ ಶನಿವಾರ ರಾಜರತ್ನಗ ಕೈ ಮ್ಯಾಲ ಎತ್ತಾಕ ಬರವಲ್ದು. ಅಬೀದಾ ನೋಡಿದ್ರು. ‘ಏನಾತ್ರಿ ಹವಾಲ್ದಾರ್ ಸಾಹೇಬ್ರ?’

‘ಮನಸ್ಸು ಜಾಗಾ ಬಿಟ್ಟು ಹೋಗಾಕತ್ತೈತ್ರಿ. ಸಜಾ ಕೊಡಾಕತ್ತೇನಿ’ ಅಂದ, ಶಾಭಾಸ್ ಅಂತಾರ ಅಂತ ಎದಿ ಉಬ್ಬಿಸಿ.

ಅಬೀದಾ ನಗಲಿಲ್ಲ. ‘ಓಡಿ ಹೋಗೂದು ಎಲ್ಲಿಗ್ರಿ?’

ರಾಜರತ್ನನ ಉಬ್ಬಿದ ಎದಿ ಇಳೀತು. ‘ಶಿದ್ದಪ್ಪನ ಕಡೆ ರೀ.’

‘ಗಸ್ತು ಮುಗಿಸಿ ಹೊಳ್ಳಿ ಬಂದವರಿಗೆ ನಿಮ್ಮ ಕ್ಯಾಂಪಿನ್ಯಾಗ ಏನ್ ಮಾಡತಿದ್ರಿ?’

‘ಹೆಸರು ಹಿಡದು ಕರೀತಿದ್ವಿ. ಬೆಂಕಿ ಹತ್ರ ಕೂಡಿಸಿ ಬಿಸಿ ಚಾ ಕೊಡತಿದ್ವಿ.’

‘ಅವತ್ತು ನೀವು ಹೊಳ್ಳಿ ಬಂದಾಗ?’

‘ಅವರು ಕೊಟ್ರು ರೀ. ನಾನ ಕುಡೀಲಿಲ್ಲ. ಅಂವ ಇಲ್ಲದ ನಾ ಹೆಂಗ ಕುಡೀಲ್ರಿ ಮೇಡಂ?’

‘ಅಂದ್ರ ಅವತ್ತಿನಿಂದ ಸಜಾ ನಡದ ಐತಿ’ ಅಂದ್ರು ಅಬೀದಾ. ‘ನಿಮ್ಮ ಮನಸ್ಸು ಗೆಳ್ಯಾನ್ನ ನೋಡಾಕ ಹೋಗಿ ಬರತೈತ್ರಿ. ಅದು ಹೊಳ್ಳಿ ಬಂದಾಗ, ಬಂದ್ಯಾ, ಕೂಡು ಅನ್ರಿ. ಅಷ್ಟ ಸಾಕು.’

ಕೂಡಿದ ಮಂದಿ ಮುಂದ ರಾಜರತ್ನ ಧೋ ಧೋ ಅಂತ ಅತ್ತ. ಶಿದ್ದಪ್ಪನ್ನ ಮಣ್ಣ ಮಾಡೂವಾಗೂ ಅತ್ತಿರಲಿಲ್ಲ ಅಂವ. ಯಾರೂ ಅವನ್ನ ಸಮಾಧಾನ ಮಾಡಾಕ ಹೋಗಲಿಲ್ಲ, ಅಳಾಕ ಬಿಟ್ರು. ಅದೂ ಒಂದು ದೊಡ್ಡ ಉಪಕಾರ ಅಂತ ಇವತ್ತಿಗೂ ನೆನಸತಾನ.

ಅಲ್ಲಿಂದ ಎಲ್ಲಾ ಒಮ್ಮಿಗಿಲೆ ನೆಟ್ಟಗಾತು ಅಂದ್ರ ನಾ ಸುಳ್ಳ ಹೇಳಿದಂಗ. ಗುಳಿಗಿ ನಡದಾವ, ಕೆಟ್ಟ ಕನಸೂ ಆಗಾಗ ಬೀಳತಾವ. ಆದರ ದಂಡ ನಿಂತವು. ಸಪ್ಪಳಾದ್ರ ಎದಿ ಹಾರತಿತ್ತು, ಹಾರಿದ್ದು ಅವಗ ಗೊತ್ತಾಗತಿತ್ತು, ಗೊತ್ತಾದ ಮ್ಯಾಲ ಕೈ ಅವನ ಮಾತು ಕೇಳತಿದ್ದವು. ಒಂದಿನ ಮುತ್ತವ್ವನ ಮಣಿಕಟ್ಟು ಸವರಿ, ‘ನನ್ನ ಬಿಟ್ಟು ಹೋಗಲಿಲ್ಲಲ್ಲ ನೀ, ಈ ಋಣಾ ಹೆಂಗ ತೀರಸಲಿ?’ ಅಂದ. ‘ತೀರಸೂದು ಬ್ಯಾಡ, ಲಗೂ ಹೋಗಿ ಮಗಳನ್ನ ಕರಕೊಂಡು ಬರ್ರಿ’ ಅಂದ್ಲು ಅಕಿ. ಎಂಥಾ ಹೆಣಮಗಳು ನೋಡ್ರಿ!

ಸಂಘಮಿತ್ರಾ ಬಂದ್ಲು, ಹಡದ್ಲು, ಹೆಣ್ಣು ಕೂಸು. ರಾಜರತ್ನ ಫೇಡೆ ತಗೊಂಡು ಅಬೀದಾ ಅವರ ಹತ್ರ ಹೋದ. ಏನೇನೋ ಹೇಳಬೇಕಂತ ದಾರಿ ತುಂಬ ಅಂದುಕೊಂಡು ಹೋಗಿದ್ದ. ಕಡೀಕ ನೆಟ್ಟಗ ನಿಂತು ಒಂದು ಸಲ್ಯೂಟ್ ಹೊಡದು ಬಂದ.

ಆದರ ಕೂಸಿನ್ನ ಮಾತ್ರ ಮುಟ್ಟಾಂವಲ್ಲ. ಬಾಗಲದಾಗ ನಿಂತು ನೋಡಾಂವ, ಎರಡೂ ಕೈ ಬೆನ್ನ ಹಿಂದ. ‘ಎತ್ಕೊಳ್ಳ್ರಿ’ ಅಂದ್ರ ‘ಆಮ್ಯಾಲ, ಆಮ್ಯಾಲ’ ಅಂತ ಜಾರಿಕೊಳ್ಳಾಂವ. ಬಾಣಂತಿಗೆ ಮುತ್ತವ್ವ ಎಣ್ಣಿ ತಿಕ್ಕಿ ನೀರ ಎರಿಯೂ ಹೊತ್ತಿಗೆ ಹಾಜರಾಬಿ ಬಂದು ಕೂಸು ಹಿಡಕೊಂಡು ಕುಂದರತಿದ್ಲು. ಒಂದಿನ ಹಾಜರಾಬಿ ತನ್ನ ತಂಗಿ ಮನಿಗೆ ಹೋಗಿದ್ಲು. ಸಂಘಮಿತ್ರಾ ಏನೂ ಕೇಳಲಿಲ್ಲ, ಹೇಳಲಿಲ್ಲ. ಸೀದಾ ಬಂದು ಅಪ್ಪನ ತೊಡಿ ಮ್ಯಾಲ ಕೂಸು ಮಲಗಿಸಿ, ಅವ್ವನ ಹಿಂದ ಬಚ್ಚಲಕ್ಕ ಹೋಗಿ ಬಾಗಲಾ ಹಾಕ್ಕೊಂಡ್ಲು.

ರಾಜರತ್ನ ಉಸಿರು ಬಿಡಾಕ ಅಂಜಿ ಕುಂತ. ಎಷ್ಟು ಹಗೂರ ಇತ್ತು ಕೂಸು! ಅಷ್ಟರಾಗ ಮನಿ ಮುಂದ ಕಬ್ಬಿನ ಟ್ರ್ಯಾಕ್ಟರಿನ ಟಾಯರ್ ಢಂ ಅಂತ ಒಡೀತು. ಕಿಡಕಿ ಗಲಗಲ ಅಂದವು. ರಾಜರತ್ನನ ಕಣ್ಣಿಗೆ ಕತ್ತಲಿ ಬಂತು, ಕೂಸು ಚಿಟ್ಟನ ಚೀರಿತು. ಉಸಿರು ಒಳಗ ಬಂತು. ಹೊರಗ ಹೋತು. ತಲಿ ಬಗ್ಗಿಸಿ ನೋಡಿದ. ಒಂದು ಕೈ ಕೂಸಿನ ತಲಿ ಕೆಳಗ ಇತ್ತು, ಇನ್ನೊಂದು ಕೈ ಅದರ ಎದಿ ಮ್ಯಾಲ, ಎರಡೂ ಇಟ್ಟಲ್ಲೇ ಇದ್ದವು.

ಬಚ್ಚಲದಾಗ ನೀರ ಸುರಿಯೂ ಸಪ್ಪಳ ನಿಂತಿತು. ಹಡದ ತಾಯಿ, ಈಗ ಕೂಸಿನ್ನ ಕೇಳ್ತಾಳ, ಬಾಗಲಾ ತಗದು ಓಡಿ ಬರ್ತಾಳ ಅಂದುಕೊಂಡ. ಬಾಗಲಾ ತಗೀಲಿಲ್ಲ. ಒಳಗಿಂದ ಸಂಘಮಿತ್ರಾ ಕೂಗಿದ್ಲು:

‘ಅಪ್ಪಾ! ನೀ ಆರಾಮ ಇದ್ದೀಯಿಲ್ಲೋ?’

ರಾಜರತ್ನನ ಕಣ್ಣಾಗಿನ ನೀರು ಗಲ್ಲದ ಮ್ಯಾಲ ಇಳೀತು. ವರೆಸಾಕ ಕೈ ಖಾಲಿ ಇರಲಿಲ್ಲ.

‘ಇದ್ದೇನವ್ವಾ’ ಅಂದ. ‘ಇಬ್ಬರೂ ಆರಾಮ ಅದೇವಿ. ನೀ ಸಾವಕಾಶ ಎರಕೋ.’