ಗೆಲ್ಲದ ತಂಡದ ಅಂಗಿಗಳು

ತೊಂಬತ್ತರ ದಶಕದಲ್ಲಿ ನಾನು ಹಲಸೂರಿನ ಒಂದು ಧರ್ಮಾಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದಾಗ ಅಮೆರಿಕದಿಂದ ಒಂದು ಮೂಟೆ ಹೊಸ ಟೀ ಶರ್ಟು ದಾನವಾಗಿ ಬಂತು. ಎದೆಯ ಮೇಲೆ ಅಲ್ಲಿನ ಫುಟ್‌ಬಾಲ್ ತಂಡವೊಂದರ ಹೆಸರು, ಅದರ ಕೆಳಗೆ 'ವಿಶ್ವ ಚಾಂಪಿಯನ್ನರು' ಎಂದು ಇಂಗ್ಲಿಷಿನಲ್ಲಿತ್ತು. ಒಗೆಸಿ, ಇಸ್ತ್ರಿ ಮಾಡಿಸಿ, ಗಂಡಸರ ವಾರ್ಡಿನ ಹನ್ನೆರಡು ಮಂದಿಗೂ ತೊಡಿಸಿದೆ. ನನ್ನ ವಾರ್ಡಿನಲ್ಲಿ ಎಲ್ಲವೂ ಒಂದೇ ಶಿಸ್ತಿನಲ್ಲಿರಬೇಕು.

ಒಂದು ಬೆಳಿಗ್ಗೆ ಆಸ್ಪತ್ರೆ ನೋಡಲು ಬಂದ ಅಮೆರಿಕದ ವೃದ್ಧರೊಬ್ಬರು ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ರೋಗಿಗಳ ಅಂಗಿಗಳತ್ತ ಬೆರಳು ತೋರಿಸಿದರು.

"ಅದು ನಮ್ಮೂರಿನ ತಂಡ. ಎಷ್ಟೋ ಸಲ ಫೈನಲ್ ಆಡಿದೆ, ಒಮ್ಮೆಯೂ ಗೆದ್ದಿಲ್ಲ," ಎಂದರು.

"ಗೆದ್ದಿದೆ ಎಂದು ಅಚ್ಚಾಗಿದೆಯಲ್ಲ?"

"ಪಂದ್ಯಕ್ಕೆ ಮುಂಚೆಯೇ ಎರಡೂ ತಂಡಗಳ ಹೆಸರಲ್ಲಿ ಅಚ್ಚು ಹಾಕಿಸಿಡುತ್ತಾರೆ, ಮೇಡಂ. ಸೋತವರದನ್ನು ನಮ್ಮ ಕಣ್ಣಿಗೆ ಬೀಳದಷ್ಟು ದೂರ ಕಳಿಸಿಬಿಡುತ್ತಾರೆ."

ಅಷ್ಟರಲ್ಲಿ, ಮೂರು ದಿನದಿಂದ ಕಣ್ಣೇ ಬಿಡದಿದ್ದ ಒಂಬತ್ತನೇ ಹಾಸಿಗೆಯ ಚಿನ್ನಪ್ಪ ಕಣ್ಣು ತೆರೆದು ನನ್ನನ್ನೇ ನೋಡಿದ.

"ಏನಂತಮ್ಮಾ? ಷರ್ಟು ವಾಪಸ್ ಕೊಡ್ಬೇಕಂತಾ?"

ಅವನು ಆ ದಿನ ದಾಟುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅವನ ಮರಣದ ಫಾರಮನ್ನು ನಾನಾಗಲೇ ದುಂಡಗಿನ ಅಕ್ಷರದಲ್ಲಿ ತುಂಬಿ, ಸಾವಿನ ಸಮಯವೊಂದನ್ನು ಮಾತ್ರ ಖಾಲಿ ಬಿಟ್ಟು, ಮೇಜಿನ ಮೇಲಿಟ್ಟಿದ್ದೆ. ಯಾವ ಕೆಲಸವನ್ನೂ ಕೊನೆ ಗಳಿಗೆಗೆ ಬಿಡಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು.

"ಬೇಡ ಚಿನ್ನಪ್ಪ, ಹಾಕ್ಕೊಂಡಿರು," ಎಂದೆ.

ಹದಿನೈದು ದಿನದ ಮೇಲೆ ಅವನು ಅದೇ ಅಂಗಿಯಲ್ಲಿ ನಡೆದುಕೊಂಡೇ ಮನೆಗೆ ಹೋದ. ಫಾರಂ ಮಾತ್ರ ನನ್ನ ಡ್ರಾಯರಿನಲ್ಲೇ ಉಳಿಯಿತು. ಅದನ್ನು ಕಳಿಸುವಷ್ಟು ದೂರದ ದೇಶ ಯಾವುದೂ ನನಗೆ ಗೊತ್ತಿರಲಿಲ್ಲ.